4ನೇ ಸ್ಲೈಡ್

ವಿನುತಾ: ಶುಕ್ರವಾರ ಜಯನಗರದಲ್ಲಿ ಫೈನಲ್ ಇಯರ್ ಮಕ್ಕಳಿಗೆ ತಗೊಳ್ಳೋ ಕ್ಲಾಸಿನ ಪಿಪಿಟಿ ಹಾಕಿದೀನಿ. ‘ವಿಚ್ಛೇದನ ಮತ್ತು ಮಕ್ಕಳು’, 50 ನಿಮಿಷ. ನೋಡಿ ಹೇಳಿ.

ಮಂಜುನಾಥ: 4ನೇ ಸ್ಲೈಡ್ ತೆಗಿ ವಿನುತಾ. ‘ಡಿವೋರ್ಸ್ ಆದವರ ಮಕ್ಕಳ ಸಂಸಾರವೂ ನಿಲ್ಲಲ್ಲ’ ಅಂತಿದೆ. ಅಂಥ ಮನೆಯಿಂದ ಬಂದವರು ಅದೇ ಕ್ಲಾಸಲ್ಲಿ ಕೂತಿರ್ತಾರೆ.

ವಿನುತಾ: ಅಮೆರಿಕದ ಮನಶ್ಶಾಸ್ತ್ರಜ್ಞೆ ವಾಲರ್‌ಸ್ಟೈನ್ ಡಿವೋರ್ಸ್ ಆದವರ ಮಕ್ಕಳನ್ನ 25 ವರ್ಷ ನೋಡಿ ಹೇಳಿದ್ದಲ್ವಾ?

ಶೈಲಜಕ್ಕ: ಆ ಅಧ್ಯಯನ 1971ರಲ್ಲಿ ಶುರುವಾಗಿದ್ದು, ಕ್ಯಾಲಿಫೋರ್ನಿಯಾದ ಒಂದೇ ಕೌಂಟಿ, 60 ಕುಟುಂಬ, 131 ಮಕ್ಕಳು. ಹೋಲಿಸಿ ನೋಡೋಕೆ ಶುರುವಲ್ಲಿ ಡಿವೋರ್ಸ್ ಆಗದ ಮನೆಗಳನ್ನ ತಗೊಂಡೇ ಇರಲಿಲ್ಲ. ಇನ್ನೊಬ್ಬ ಮನಶ್ಶಾಸ್ತ್ರಜ್ಞೆ ಹೆದರಿಂಗ್ಟನ್ ಕೊಟ್ಟ ಲೆಕ್ಕ ಹಾಕಮ್ಮ: ತೀವ್ರ ತೊಂದರೆ ವಿಚ್ಛೇದನದ ಮನೆಯ ಮಕ್ಕಳಲ್ಲಿ 20–25%, ಉಳಿದವರಲ್ಲಿ 10%. ಅಪಾಯ ದುಪ್ಪಟ್ಟು, ನಿಜ. ನಾಲ್ಕರಲ್ಲಿ ಮೂವರು ಚೆನ್ನಾಗೇ ಬೆಳೀತಾರೆ, ಅದೂ ನಿಜ. ಎರಡೂ ಒಂದೇ ಸ್ಲೈಡಲ್ಲಿ ಇರಲೇಬೇಕು.

ಮಂಜುನಾಥ: ಸಮಾಜಶಾಸ್ತ್ರಜ್ಞ ಅಮಾಟೊ ಕಂಡುಕೊಂಡಿದ್ದನ್ನೂ ಸೇರಿಸು. ದಿನಾ ಹೊಡೆದಾಟ ಇದ್ದ ಮನೆಯ ಮಕ್ಕಳಿಗೆ ಬೇರೆಯಾದ ಮೇಲೆ ಒಳ್ಳೇದೇ ಆಗಿದೆ. ಜಗಳವೇ ಕಾಣದ ಮನೆ ಇದ್ದಕ್ಕಿದ್ದಂತೆ ಒಡೆದಾಗ ಪೆಟ್ಟು ಜಾಸ್ತಿ. ಮಗುವಿಗೆ ಸುಳಿವೇ ಸಿಕ್ಕಿರಲ್ಲ, ಮುಂದೆ ಯಾರನ್ನ ನಂಬೋಕೂ ಭಯ.

ವಿನುತಾ: ಹಾಗಾದ್ರೆ ಬೇರೆಯಾಗೋದು ತಪ್ಪಲ್ಲ ಅಂತ ಪಾಠ ಮಾಡ್ಲಾ? ಪೋಷಕರು ಬಂದು ಕೂರ್ತಾರೆ ಮಂಜು.

ಶೈಲಜಕ್ಕ: ತಪ್ಪು-ಸರಿ ತೀರ್ಪು ನಮ್ಮ ಕೆಲಸ ಅಲ್ಲ. ಮಗುವಿಗೆ ಯಾವುದು ನಾಟುತ್ತೆ ಅನ್ನೋದನ್ನ ಕಲಿಸು. ಅಪ್ಪ ಅಮ್ಮನ ಮಧ್ಯೆ ಮಗು ಸುದ್ದಿ ಸಾಗಿಸೋದು, ‘ನಿಮ್ಮಪ್ಪ ದುಡ್ಡು ಕೊಟ್ನಾ ಕೇಳು’ ಅನ್ನೋದು, ಮನೆ ಜೊತೆ ಸ್ಕೂಲೂ ಬದಲಾಗೋದು. ನಾಲ್ಕು ವರ್ಷದ್ದು ‘ನನ್ನಿಂದಲೇ ಆಯ್ತು’ ಅಂದ್ಕೊಂಡು ಮತ್ತೆ ಹಾಸಿಗೆ ಒದ್ದೆ ಮಾಡುತ್ತೆ. ಏಳೆಂಟರದ್ದು ಇಬ್ಬರನ್ನೂ ಒಂದು ಮಾಡೋಕೆ ಒದ್ದಾಡುತ್ತೆ. ಹದಿನೈದರದ್ದು ಒಬ್ಬರ ಪಕ್ಷ ಹಿಡಿಯುತ್ತೆ.

ಮಂಜುನಾಥ: ವಿಚ್ಛೇದನ ಒಂದು ದಿನದ್ದಲ್ಲ ಅಂತಲೂ ಹೇಳು. ಇಬ್ಬರೂ ಒಪ್ಪಿ ಬೇರೆಯಾಗೋದಾದ್ರೆ, ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ಬಿ ಪ್ರಕಾರ ಅರ್ಜಿಗೆ ಮೊದಲು ಒಂದು ವರ್ಷ ಬೇರೆ ಇರಬೇಕು, ಆಮೇಲೆ 6 ತಿಂಗಳು ಕಾಯಬೇಕು. ಆ 6 ತಿಂಗಳನ್ನ ಕೋರ್ಟ್ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶನಿವಾರ ಯಾರ ಮನೆ ಅಂತ ಅಷ್ಟು ದಿನ ಗೊತ್ತಿಲ್ಲದಿದ್ರೆ ಮಗು ಕುಗ್ಗುತ್ತೆ.

ವಿನುತಾ: ಸರಿ, 4 ತೆಗೀತೀನಿ. ಆ ಜಾಗಕ್ಕೆ ಏನು?

ಶೈಲಜಕ್ಕ: 15 ನಿಮಿಷದ ಚಟುವಟಿಕೆ, ನಾಲ್ಕು ನಾಲ್ಕು ಜನ. ಆರು ವರ್ಷದ ಮಗುವಿಗೆ ಈ ವಿಷಯ ಹೇಳೋ ಐದು ವಾಕ್ಯ ಬರೀಲಿ. ಎಲ್ಲಿ ಮಲಗ್ತೀಯ, ಅದೇ ಸ್ಕೂಲಾ, ಅಪ್ಪ ಯಾವ ವಾರ ಬರ್ತಾರೆ, ನಿನ್ನ ತಪ್ಪಿಲ್ಲ, ಇಬ್ಬರೂ ನಿನ್ನವರೇ. ಬೇರೆಯಾದ ಕಾರಣ ಮಾತ್ರ ಕೊಡಬೇಡ. ಕೊಟ್ರೆ ಇಡೀ ಕ್ಲಾಸ್ ಯಾರದು ತಪ್ಪು ಅಂತ ಪಂಚಾಯ್ತಿಗೆ ಕೂರುತ್ತೆ, ಮಗು ಮರೆತೇ ಹೋಗುತ್ತೆ.

ಮಂಜುನಾಥ: ‘ಯಾರ ಮನೇಲಿ ಹೀಗಾಗಿದೆ, ಕೈ ಎತ್ತಿ’ ಅಂತ ಖಂಡಿತ ಕೇಳಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮೊದಲ ಸ್ಲೈಡಲ್ಲೇ ಇರಲಿ. ಕೊನೇಲಿ ಹಾಕಿದ್ರೆ ಬೆಲ್ ಹೊಡೆದಿರುತ್ತೆ.

ವಿನುತಾ: ರಾತ್ರಿ ತಿದ್ದಿ ಮತ್ತೆ ಹಾಕ್ತೀನಿ. ಅಕ್ಕ, ಆ ಐದು ವಾಕ್ಯ ನೀವೇ ಒಮ್ಮೆ ನೋಡ್ಬೇಕು.