ಜಪಾನಿನ ತೋಟಗಳ ಫೋಟೋ: ಟ್ರೈಪಾಡ್ ಒಯ್ಯಲಾ, ಎಲ್ಲಿ ಕೂರಲಿ?

ಪ್ರಶ್ನೆ:

ನವೆಂಬರ್ ಕೊನೆಯ ವಾರ ಅಮ್ಮನ ಜೊತೆ ಕ್ಯೋಟೋದಲ್ಲಿ ನಾಲ್ಕು ದಿನ ಇರುತ್ತೇನೆ. ಅಲ್ಲಿನ ಹಳೆಯ ತೋಟಗಳ ಫೋಟೋ ತೆಗೆಯಬೇಕು ಅನ್ನೋದು ಬಹಳ ದಿನದ ಆಸೆ. ನನ್ನ ಹತ್ತಿರ ಒಂದು ಕ್ಯಾಮೆರಾ, 24-70 ಜೂಮ್ ಲೆನ್ಸ್, ಒಂದು ಟ್ರೈಪಾಡ್ ಇದೆ. ಇಂಟರ್ನೆಟ್‌ನಲ್ಲಿ ನೋಡಿದ ಫೋಟೋಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿವೆ. ಹೋಗಿ ಬಂದವರು ಏನು ಮಾಡಿದಿರಿ, ಏನು ಮಾಡಬಾರದಿತ್ತು, ಸ್ವಲ್ಪ ಹೇಳ್ತೀರಾ? ಅಮ್ಮನಿಗೆ ಮಂಡಿನೋವು ಇದೆ.

ಒಬ್ಬರ ಉತ್ತರ:

ಮಾಡಬಾರದ್ದನ್ನೇ ಮೊದಲು ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಗೊತ್ತು. ರ್‍ಯೋಆನ್‌ಜಿ ದೇವಾಲಯದ ಕಲ್ಲಿನ ತೋಟ ಸುಮಾರು 25 ಮೀಟರ್ ಉದ್ದ, 10 ಮೀಟರ್ ಅಗಲ. ಬಿಳಿ ಜಲ್ಲಿಯ ಮೇಲೆ 15 ಕಲ್ಲು, ಅಷ್ಟೇ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದು ಕಲ್ಲಾದರೂ ಇನ್ನೊಂದರ ಹಿಂದೆ ಅಡಗಿರುತ್ತದೆ. ಇದನ್ನು ಓದಿಕೊಂಡೇ ಹೋಗಿದ್ದೆ. ಆದರೂ ಹದಿನೈದನ್ನೂ ಒಂದೇ ಫೋಟೋದಲ್ಲಿ ಹಿಡಿಯಬೇಕು ಅನ್ನೋ ಹಟ. ಬಹಳ ಅಗಲಕ್ಕೆ ಹಿಡಿಯುವ 16 ಎಂಎಂ ಲೆನ್ಸ್ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ಓಡಾಡಿದೆ. ಕೂತವರಿಗೆಲ್ಲ ಅಡ್ಡ ಬಂದೆ. ಮನೆಗೆ ಬಂದು ನೋಡಿದರೆ ಅಷ್ಟು ದೊಡ್ಡ ಕಲ್ಲುಗಳು ಅಕ್ಕಿಯಲ್ಲಿ ಸಿಕ್ಕ ಹರಳಿನ ಹಾಗೆ ಬಂದಿದ್ದವು.

ಎರಡನೇ ಸಲ ಹೋದಾಗ ಅರ್ಧ ಗಂಟೆ ಕ್ಯಾಮೆರಾ ಹೊರಗೆ ತೆಗೆಯಲಿಲ್ಲ. ಸುಮ್ನೆ ಕೂತೆ. ಆಮೇಲೆ 70 ಎಂಎಂ ಹತ್ತಿರ ಇಟ್ಟುಕೊಂಡು ಮೂರೇ ಕಲ್ಲು ತೆಗೆದೆ. ಹಿಂದೆ ಆ ಮಣ್ಣಿನ ಗೋಡೆ. ಎಣ್ಣೆ ಸೇರಿಸಿದ ಮಣ್ಣಿನದು ಅದು, ಎಣ್ಣೆ ಜಿನುಗಿ ಜಿನುಗಿ ಕಂದು ಕಲೆಗಳಾಗಿವೆ. ನನಗೆ ಕಲ್ಲಿಗಿಂತ ಗೋಡೆಯೇ ಜಾಸ್ತಿ ಇಷ್ಟವಾಯಿತು.

ಆಗ ತಿಳಿದದ್ದು ಇಷ್ಟು. ಇಂಥ ತೋಟಗಳನ್ನು ಕೂತು ನೋಡಲೆಂದೇ ಮಾಡಿದ್ದಾರೆ. ನಿಂತು ತೆಗೆದರೆ ಜಲ್ಲಿ ಬರೀ ಖಾಲಿ ನೆಲ. ಕೂತು, ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ಹಿಡಿದರೆ ಕಲ್ಲುಗಳು ಮೇಲೇಳುತ್ತವೆ, ಒಂದರ ಹಿಂದೆ ಒಂದು ಸೇರಿಕೊಳ್ಳುತ್ತವೆ. ಕೋಣೆಯೊಳಗೆ ಸ್ವಲ್ಪ ಹಿಂದೆ ಸರಿದು ಕೂತರೆ ಕಂಬ, ತೊಲೆ ಎಲ್ಲ ಸೇರಿ ಚೌಕಟ್ಟಾಗುತ್ತದೆ. ಓಹಾರಾ ಹಳ್ಳಿಯ ಹೋಸೆನ್‌ಇನ್ ದೇವಾಲಯದಲ್ಲಿ ಹೀಗೇ ಹಳೆಯ ಪೈನ್ ಮರವೊಂದನ್ನು ಚೌಕಟ್ಟಿನೊಳಗೆ ನೋಡುತ್ತಾ ಮಾಚ್ಚಾ (ಹಸಿರು ಚಹಾ) ಕುಡಿಯಬಹುದು.

ನಡೆದು ನೋಡುವ ತೋಟಗಳ ಲೆಕ್ಕ ಬೇರೆ. ಅಲ್ಲಿ ದಾರಿಯ ಕಲ್ಲುಗಳನ್ನು ನೋಡಿ. ಸಣ್ಣದಾಗಿ, ಅಂಕುಡೊಂಕಾಗಿ ಇದ್ದಲ್ಲಿ ಕಾಲ ಕೆಳಗೇ ನೋಡಿಕೊಂಡು ಹೋಗಬೇಕು. ಮಧ್ಯೆ ಒಂದು ಅಗಲ ಕಲ್ಲು ಬರುತ್ತದೆ. ಅಲ್ಲಿ ತಾನಾಗೇ ನಿಲ್ಲುತ್ತೀರಿ, ತಲೆ ಎತ್ತುತ್ತೀರಿ. ಎದುರಿಗೆ ಕೆರೆಯೋ, ದೀಪದ ಕಂಬವೋ, ದೂರದ ಬೆಟ್ಟವೋ ಇರುತ್ತದೆ. ತೋಟ ಮಾಡಿದವನು ನಿಮ್ಮ ಕತ್ತು ಎಲ್ಲಿ ತಿರುಗಬೇಕು ಅಂತ ಮೊದಲೇ ಲೆಕ್ಕ ಹಾಕಿರುತ್ತಾನೆ. ಫೋಟೋ ಅಲ್ಲೇ ತೆಗೆಯಿರಿ. ಕತ್ಸುರಾ ಅರಮನೆಯಲ್ಲಿ ಇದು ತುಂಬ ಉಪಯೋಗಕ್ಕೆ ಬಂತು. ಅಲ್ಲಿ ಗುಂಪಿನಲ್ಲೇ ನಡೆಯಬೇಕು, ಹಿಂದಿನಿಂದ ಒಬ್ಬ ಸಿಬ್ಬಂದಿ ಬರುತ್ತಿರುತ್ತಾರೆ, ಹಿಂದೆ ಉಳಿಯಲು ಬಿಡುವುದಿಲ್ಲ. ಲೆನ್ಸ್ ಬದಲಾಯಿಸಲು ಹೊತ್ತಿಲ್ಲ. ನಿಮ್ಮ 24-70 ಸಾಕು, ಬೇರೆ ಯೋಚನೆ ಬೇಡ. ಮುಂಗಡ ಬುಕಿಂಗ್ ಮಾತ್ರ ಈಗಲೇ ಮಾಡಿ.

ಇನ್ನೊಬ್ಬರು:

ಟ್ರೈಪಾಡ್ ಮನೆಯಲ್ಲೇ ಬಿಡಿ. ಹೆಚ್ಚಿನ ದೇವಾಲಯಗಳಲ್ಲಿ ಬಿಡುವುದಿಲ್ಲ, ಒಂಟಿ ಕಾಲಿನ ಸ್ಟ್ಯಾಂಡನ್ನೂ ಬಿಡುವುದಿಲ್ಲ. ಜಗಲಿಯ ಮರ ಗೀರಾಗುತ್ತದೆ, ಪಾಚಿಗೆ ಗುಳಿ ಬೀಳುತ್ತದೆ, ಜನರಿಗೆ ದಾರಿ ಸಾಲುವುದಿಲ್ಲ. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 1600ಕ್ಕೆ ಏರಿಸಿ, ಮೊಣಕೈಯನ್ನು ಮಂಡಿಗೆ ಊರಿ ತೆಗೆಯಿರಿ.

ಚಪ್ಪಲಿ, ಬೂಟು ಬಿಚ್ಚುವುದು ದಿನಕ್ಕೆ ಹತ್ತು ಸಲ. ಲೇಸ್ ಇಲ್ಲದ ಬೂಟು ಹಾಕಿಕೊಳ್ಳಿ. ನವೆಂಬರ್ ಕೊನೆಗೆ ಮರದ ನೆಲ ಐಸ್ ಇದ್ದ ಹಾಗಿರುತ್ತದೆ, ಅಮ್ಮನಿಗೆ ಉಣ್ಣೆಯ ಕಾಲುಚೀಲ ಮರೆಯಬೇಡಿ.

ಇನ್ನೊಂದು ನಾಚಿಕೆಯ ಕಥೆ. ಒಂದು ತೋಟದ ದಾರಿಯಲ್ಲಿ ಕಪ್ಪು ಹಗ್ಗ ಸುತ್ತಿದ ಪುಟ್ಟ ಕಲ್ಲು ಇತ್ತು. ತೆಂಗಿನಕಾಯಿಯಷ್ಟು ದೊಡ್ಡದು. ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡು ಅದರ ಹತ್ತಿರದ ಫೋಟೋ ತೆಗೆದೆ, ಆಮೇಲೆ ದಾಟಿ ಮುಂದೆ ಹೋದೆ. ತೋಟದ ಕೆಲಸದ ಅಜ್ಜ ಒಬ್ಬರು ಬಂದರು. ಬೈಯಲಿಲ್ಲ. ಕಲ್ಲು ತೋರಿಸಿ, ತಲೆ ಬಗ್ಗಿಸಿ ನಿಂತರು. ಇಲ್ಲಿಂದ ಮುಂದೆ ಹೋಗಬೇಡಿ ಅನ್ನೋದೇ ಆ ಕಲ್ಲಿನ ಅರ್ಥವಂತೆ. ಬೈದಿದ್ದರೇ ವಾಸಿಯಿತ್ತು.

ತೋಫುಕುಜಿ ದೇವಾಲಯಕ್ಕೆ ಹೋಗುವಿರಾದರೆ ಒಂದು ಎಚ್ಚರಿಕೆ. ಎಲೆ ಕೆಂಪಾಗುವ ದಿನಗಳಲ್ಲಿ ಅಲ್ಲಿನ ತ್ಸುತೆನ್‌ಕ್ಯೋ ಸೇತುವೆಯ ಮೇಲೆ ಫೋಟೋ ತೆಗೆಯುವ ಹಾಗಿಲ್ಲ. ಜನಸಾಗರ ಅದು, ನಿಂತರೆ ನೂಕುನುಗ್ಗಲು. ಬೇಜಾರು ಮಾಡಿಕೊಳ್ಳದೆ ಉತ್ತರ ದಿಕ್ಕಿನ ತೋಟಕ್ಕೆ ಹೋಗಿ. 1939ರಲ್ಲಿ ಶಿಗೆಮೋರಿ ಮಿರೇ ಎಂಬುವರು ಮಾಡಿದ್ದು. ಹಳೆಯ ಹಾಸುಗಲ್ಲು, ಪಾಚಿ ಸೇರಿ ಚೌಕಾಬಾರದ ಮನೆಗಳ ಹಾಗಿದೆ. ಹೋಗ್ತಾ ಹೋಗ್ತಾ ಕಲ್ಲು ಕಮ್ಮಿಯಾಗಿ ಪಾಚಿಯಲ್ಲೇ ಕರಗಿಹೋಗುತ್ತದೆ.

ಸಾಗರದ ಕಡೆಯವರೊಬ್ಬರು:

ಪಾಚಿ ಅಂದಿರಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಅಂಗಳದ ಪಾಚಿ ಕೆರೆದು ಕೆರೆದು ಸಾಕಾಗುತ್ತದೆ. ಅಲ್ಲಿ ಅದೇ ಪಾಚಿಯ ಮೇಲೆ ಬಿದ್ದ ಎಲೆಯನ್ನು ಮೆಲ್ಲಗೆ ಪೊರಕೆಯಿಂದ ಗುಡಿಸುತ್ತಾರೆ! ಸಾಯಿಹೋಜಿ ದೇವಾಲಯದಲ್ಲಿ ಸುಮಾರು 120 ಬಗೆಯ ಪಾಚಿ ಇವೆಯಂತೆ. ಮುಂಗಡ ಬುಕಿಂಗ್ ಇಲ್ಲದೆ ಒಳಗೆ ಬಿಡುವುದಿಲ್ಲ, 1977ರಿಂದಲೂ ಅಲ್ಲಿ ಜನರನ್ನು ಮಿತಿಯಲ್ಲೇ ಬಿಡುವುದು.

ಬೆಳಕಿನ ಬಗ್ಗೆ ಎರಡು ಮಾತು. ಮರದ ನೆರಳಿನ ಪಾಚಿಯನ್ನು ಕ್ಯಾಮೆರಾ ತಾನೇ ಬೆಳಗಿಸಿ ಸಪ್ಪೆ ಮಾಡುತ್ತದೆ. ಎಕ್ಸ್‌ಪೋಷರ್ (ಫೋಟೋಗೆ ಸಿಗುವ ಬೆಳಕು) ಅರ್ಧ, ಮುಕ್ಕಾಲು ಸ್ಟಾಪ್ ಇಳಿಸಿ, ಸ್ಟಾಪ್ ಅಂದರೆ ಬೆಳಕಿನ ಅಳತೆ. ಬಿಳಿ ಜಲ್ಲಿಗೆ ಉಲ್ಟಾ. ಬಿಟ್ಟರೆ ಬೂದಿ ಬಣ್ಣ ಬರುತ್ತದೆ, ಮುಕ್ಕಾಲಿನಿಂದ ಒಂದು ಸ್ಟಾಪ್ ಏರಿಸಿ. ಮಳೆ ಬಂದರೆ ಕುಣಿಯಿರಿ, ಛತ್ರಿ ಹಿಡಿಯಲು ಅಮ್ಮ ಇದ್ದಾರಲ್ಲ. ಒದ್ದೆ ಎಲೆಯ ಹೊಳಪು ತೆಗೆಯಲು ಪೋಲರೈಸರ್, ಅಂದರೆ ಲೆನ್ಸ್ ಮುಂದೆ ಹಾಕಿ ತಿರುಗಿಸುವ ಫಿಲ್ಟರ್ ಬೇಕು. ಆದರೆ ಕೆರೆಯ ಮುಂದೆ ಅದನ್ನು ಪೂರ್ತಿ ತಿರುಗಿಸಿದರೆ ನೀರಿನಲ್ಲಿ ಕಾಣುವ ಕೆಂಪು ಮೇಪಲ್ಲೂ ಮಾಯ. ನಾನು ಒಂದಿಡೀ ಮಧ್ಯಾಹ್ನ ಹಾಗೆ ಕಳೆದುಕೊಂಡೆ.

ರ್‍ಯೋಆನ್‌ಜಿಯ ಜಗಲಿ ದಕ್ಷಿಣಕ್ಕೆ ಮುಖ ಮಾಡಿದೆ. ಬಿಸಿಲಿದ್ದರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಗೋಡೆಯ ನೆರಳು ಜಲ್ಲಿಯ ಮೇಲೆ ಬೀಳುತ್ತದೆ. ಮೋಡ ಇದ್ದ ದಿನವೇ ಹೋಗಿ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಕಿಂಕಾಕುಜಿ ದೇವಾಲಯದ ಚಿನ್ನದ ಮಂಟಪಕ್ಕೆ ಬಿಸಿಲೇ ಬೇಕು. ಕೆರೆಯ ಈಚೆ ದಂಡೆಯಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ. ಎಷ್ಟೇ ಜನ ಇದ್ದರೂ ಎದುರಿಗೆ ನೀರು ಇರೋದರಿಂದ ಫೋಟೋದೊಳಗೆ ಯಾರೂ ಬರುವುದಿಲ್ಲ. ಅಂದಹಾಗೆ ಆ ಚಿನ್ನದ ಮಂಟಪ 1950ರ ಬೆಂಕಿಗೆ ಸುಟ್ಟು, 1955ರಲ್ಲಿ ಮತ್ತೆ ಕಟ್ಟಿದ್ದು. ಸಂಜೆಗೆ ಅಂತ ಏನೂ ಇಟ್ಟುಕೊಳ್ಳಬೇಡಿ, ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ.

ಮತ್ತೊಬ್ಬರು:

ನಾಲ್ಕರಲ್ಲಿ ಒಂದು ದಿನ ಕನಜಾವಾ ಊರಿಗೆ ಕೊಡಿ. ಈಗ ದಾರಿಯಲ್ಲಿ ತ್ಸುರುಗಾದಲ್ಲಿ ರೈಲು ಬದಲಾಯಿಸಬೇಕು, ಎರಡು ಗಂಟೆ ಚಿಲ್ಲರೆ ಆಗುತ್ತದೆ. ಅಲ್ಲಿನ ಕೆನ್‌ರೋಕುಎನ್ ತೋಟದಲ್ಲಿ ನವೆಂಬರ್ 1ರಿಂದ ಪೈನ್ ಮರಗಳಿಗೆ ಹಗ್ಗ ಕಟ್ಟಲು ಶುರು ಮಾಡುತ್ತಾರೆ. ಹಿಮದ ಭಾರಕ್ಕೆ ಕೊಂಬೆ ಮುರಿಯಬಾರದು ಅಂತ. ನಮ್ಮವರು ಮಳೆಗಾಲಕ್ಕೆ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವುದಿಲ್ಲವಾ, ಹಾಗೆ. ಬಿಡಿಸಿದ ಕೊಡೆಯ ಕಡ್ಡಿಗಳ ಹಾಗೆ ಹಗ್ಗ ಇಳಿಯುತ್ತವೆ, ಕೆಳಗಿನಿಂದ ಮೇಲಕ್ಕೆ ತೆಗೆದರೆ ಚೆಂದ. ಹಿಂದಿನ ರಾತ್ರಿ ಅಲ್ಲೇ ಉಳಿದರೆ ಇನ್ನೂ ಒಳ್ಳೆಯದು. ಮಾಮೂಲಿ ಹೊತ್ತಿಗೆ ಮುಂಚೆ ಬೆಳಗಿನ ಉಚಿತ ಪ್ರವೇಶ ಇರುತ್ತದೆ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಟ್ರೈಪಾಡ್ ಬಿಟ್ಟೆ. ಕನಜಾವಾ ಈ ಸಲ ಬೇಡ, ಅಮ್ಮನಿಗೆ ಅಷ್ಟು ಓಡಾಟ ಆಗಲ್ಲ. ಒಂದೇ ಅನುಮಾನ. ಕೂತು ನೋಡಿ ಅಂದಿರಿ. ಅಮ್ಮ ನೆಲದ ಮೇಲೆ ಕೂತರೆ ಏಳುವುದು ಕಷ್ಟ, ಏನು ಮಾಡಲಿ?

ಮೊದಲು ಉತ್ತರಿಸಿದವರು:

ರ್‍ಯೋಆನ್‌ಜಿಯ ಜಗಲಿಗೆ ಮೆಟ್ಟಿಲಿನ ಹಾಗೆ ಕೆಳಗೊಂದು ಹಂತ ಇದೆ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಬಹುದು, ನಮ್ಮ ಹಳ್ಳಿ ಮನೆಯ ಕಟ್ಟೆಯ ಮೇಲೆ ಕೂತ ಹಾಗೇ. ಜಲ್ಲಿಗೆ ಮಾತ್ರ ಕಾಲು ತಾಗಿಸಬಾರದು. ಏಳುವಾಗ ನೀವು ಕೈ ಕೊಡಿ, ಕ್ಯಾಮೆರಾ ಕುತ್ತಿಗೆಯಲ್ಲಿರಲಿ.