ಅಂಡಮಾನಿನ ನೀಲ್ ದ್ವೀಪಕ್ಕೆ ಹೆಸರಾದ ಜನರಲ್ ನೀಲ್ ಮಾಡಿದ್ದೇನು?

ಕಡಲಪಯಣಿಗ:
ಮುಂದಿನ ತಿಂಗಳು ಮನೆಯವರೆಲ್ಲ ಅಂಡಮಾನಿಗೆ ಹೊರಟಿದ್ದೇವೆ. ನೀಲ್ ದ್ವೀಪಕ್ಕೆ 2018ರಲ್ಲಿ ಶಹೀದ್ ದ್ವೀಪ ಅಂತ ಹೆಸರಿಟ್ಟಿದ್ದಾರೆ, ಟ್ರಾವೆಲ್ಸ್‌ನವರು ಇನ್ನೂ ನೀಲ್ ಅಂತಲೇ ಹೇಳುತ್ತಾರೆ. ಅದು 1857ರ ಸಿಪಾಯಿ ದಂಗೆಯ ಕಾಲದ ಬ್ರಿಟಿಷ್ ಜನರಲ್ ಜೇಮ್ಸ್ ನೀಲ್ ಹೆಸರಂತೆ. ಕಾನ್ಪುರದ ಬೀಬಿಘರ್‌ನಲ್ಲಿ ಇಂಗ್ಲಿಷ್ ಹೆಂಗಸರು, ಮಕ್ಕಳ ಕೊಲೆಯಾಗಿದ್ದನ್ನು ನೋಡಿ ಸಿಟ್ಟಿನಲ್ಲಿ ಕ್ರೂರನಾದ ಅಂತ ಒಂದು ಕಡೆ ಓದಿದೆ. ಅದು ನಿಜವಾ?

ಹಳೆಕಡತ:
ಸಿಟ್ಟಿನ ಕಥೆ ನಿಲ್ಲುವುದಿಲ್ಲ, ತಾರೀಖು ನೋಡಿ ಸಾಕು. ಬೀಬಿಘರ್ ಕೊಲೆ ನಡೆದದ್ದು 1857ರ ಜುಲೈ 15ಕ್ಕೆ. ನೀಲ್ ಕಾಶಿಯಲ್ಲಿ ಸಿಪಾಯಿಗಳ ಆಯುಧ ಕಿತ್ತುಕೊಳ್ಳಲು ಹೋಗಿ ಗಲಾಟೆಯಾದದ್ದು ಜೂನ್ 4ರಂದು, ಅಲಹಾಬಾದ್ ತಲುಪಿದ್ದು ಜೂನ್ 11ಕ್ಕೆ. ಅಂದರೆ ಒಂದು ತಿಂಗಳಿಗೂ ಮೊದಲು. ಕಾಶಿಯಲ್ಲಿ ಬಂಡಾಯದ ಬಾವುಟ ಹಿಡಿದು ತಮಟೆ ಬಾರಿಸಿದ ಹುಡುಗರನ್ನೂ ನೇಣಿಗೆ ಹಾಕಿದರು ಅಂತ ಆ ಕಾಲದ ಬ್ರಿಟಿಷ್ ಇತಿಹಾಸಕಾರರೇ ಬರೆದಿದ್ದಾರೆ. ಜೂನ್ ಕೊನೆಯಲ್ಲಿ ಮೇಜರ್ ರೆನೋ ಕೈಕೆಳಗೆ ಕಾನ್ಪುರದ ಕಡೆಗೆ ಒಂದು ತುಕಡಿ ಕಳಿಸುವಾಗ ನೀಲ್ ಬರೆದುಕೊಟ್ಟ ಆದೇಶವಿದೆ: ಗುರುತು ಮಾಡಿದ ಹಳ್ಳಿಗಳನ್ನು ನಾಶ ಮಾಡಿ, ಅಲ್ಲಿರುವ ಗಂಡಸರನ್ನೆಲ್ಲ ಕೊಲ್ಲಿ. ಇದು ಕೂತು, ಯೋಚಿಸಿ, ಕಾಗದದ ಮೇಲೆ ಬರೆದದ್ದು. ಸಿಟ್ಟಿನಲ್ಲಿ ಕೈ ಮೀರಿ ಆದದ್ದಲ್ಲ.

ಕಾನ್ಪುರಕ್ಕೆ ಬಂದ ಮೇಲೆ, ಜುಲೈ 25ರಂದು, ಇನ್ನೂ ಹೀನ ಆದೇಶ ಹೊರಡಿಸಿದ. ಶಿಕ್ಷೆಯಾದವರು ಸಾಯುವ ಮೊದಲು ಬೀಬಿಘರ್ ಮನೆಯ ನೆಲದ ರಕ್ತ ತೊಳೆಯಬೇಕು, ಒಪ್ಪದಿದ್ದರೆ ಚಾಟಿ ಏಟು. ಕೆಲವರಿಗೆ ನೆಲ ನೆಕ್ಕಿಸಿದರು. ಅವರ ಜಾತಿ ಕೆಡಿಸಿ ಸಾಯಿಸಬೇಕು ಅನ್ನುವುದೇ ಉದ್ದೇಶ. ಬೀಬಿಘರ್‌ನಲ್ಲಿ ಸತ್ತ ಸುಮಾರು 200 ಹೆಂಗಸರು, ಮಕ್ಕಳ ಕೊಲೆಯೂ ಘೋರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀಲ್ ಕೊಂದವರಲ್ಲಿ ಎಷ್ಟೋ ಜನಕ್ಕೆ ಅದಕ್ಕೂ ಸಂಬಂಧವೇ ಇರಲಿಲ್ಲ.

ರೆಜಿಮೆಂಟ್‌ಪ್ರಿಯ:
ಸೈನಿಕನಾಗಿ ಚುರುಕಿನವನು ಅನ್ನುವುದನ್ನೂ ಹೇಳಬೇಕು ಅಲ್ವಾ? ಮದ್ರಾಸ್ ಫ್ಯೂಸಿಲಿಯರ್ಸ್ ಅನ್ನೋ ತನ್ನ ರೆಜಿಮೆಂಟ್ ಕರೆದುಕೊಂಡು ಕಲ್ಕತ್ತೆಗೆ ಬಂದಾಗ, ತನ್ನ ಜನ ಬರುವವರೆಗೆ ರೈಲು ನಿಲ್ಲಿಸಲ್ಲ ಅಂದ ಸ್ಟೇಷನ್ ಮಾಸ್ಟರನ್ನೇ ಹಿಡಿದು ಕೂರಿಸಿದ. ಆತ ಬೇಗ ಹೋಗಿದ್ದಕ್ಕೇ ಅಲಹಾಬಾದ್ ಕೋಟೆ ಬ್ರಿಟಿಷರ ಕೈಯಲ್ಲಿ ಉಳಿಯಿತು. ಮೇ ತಿಂಗಳಲ್ಲೇ ಮೀರತ್, ದೆಹಲಿಯಲ್ಲಿ ಯುರೋಪಿಯನ್ನರ ಕೊಲೆಯಾಗಿತ್ತು. ಆ ಕಾಲದ ಅಧಿಕಾರಿಗಳೆಲ್ಲ ಹೀಗೇ ಇದ್ದರು.

ಹಳೆಕಡತ:
ಎಲ್ಲರೂ ಹೀಗೇ ಇದ್ದರು ಅನ್ನೋದನ್ನು ನಾನು ಒಪ್ಪಲ್ಲ. ಸಿಕ್ಕಸಿಕ್ಕವರನ್ನು ನೇಣಿಗೆ ಹಾಕಬೇಡಿ ಅಂತ ಗವರ್ನರ್ ಜನರಲ್ ಕ್ಯಾನಿಂಗ್ ಅದೇ ಜುಲೈ 31ಕ್ಕೆ ಆದೇಶ ಕೊಟ್ಟರು. ಅದಕ್ಕೇ ಅವರಿಗೆ ‘ಕರುಣೆಯ ಕ್ಯಾನಿಂಗ್’ ಅಂತ ಹಂಗಿಸಿದರು. ನೀಲ್ ಸೆಪ್ಟೆಂಬರ್ 25ರಂದು ಲಖನೌದಲ್ಲಿ ಗುಂಡೇಟಿಗೆ ಸತ್ತ. ಯಾರಿಗೂ ಲೆಕ್ಕ ಕೊಡಬೇಕಾಗಲಿಲ್ಲ, ನೇರವಾಗಿ ವೀರನಾದ. ಸ್ಕಾಟ್ಲೆಂಡಿನ ಏರ್ ಊರಿನಲ್ಲಿ ಒಂದು ಪ್ರತಿಮೆ, ಮದ್ರಾಸಿನ ಮೌಂಟ್ ರೋಡಿನಲ್ಲಿ ಇನ್ನೊಂದು.

ತುಂಗಾತೀರ:
ಮದ್ರಾಸ್ ಪ್ರತಿಮೆ ನಮ್ಮವರಿಗೂ ಸಂಬಂಧಪಟ್ಟದ್ದೇ, ಆಗ ಬಳ್ಳಾರಿ, ಮಂಗಳೂರು ಎಲ್ಲ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. 1927ರಲ್ಲಿ ಅದನ್ನು ತೆಗೆಸಲು ಸತ್ಯಾಗ್ರಹ ನಡೆಯಿತು, ಸುತ್ತಿಗೆಯಲ್ಲಿ ಹೊಡೆದವರು ಜೈಲಿಗೆ ಹೋದರು. ಕೊನೆಗೆ 1937ರಲ್ಲಿ ರಾಜಾಜಿ ಸರ್ಕಾರ ತೆಗೆಸಿತು. ಈಗ ಅದು ಎಗ್ಮೋರ್ ಮ್ಯೂಸಿಯಂನಲ್ಲಿದೆ.

ಕಡಲಪಯಣಿಗ:
ತುಂಬಾ ಥ್ಯಾಂಕ್ಸ್. ಹಾಗಾದರೆ ಹ್ಯಾವ್‌ಲಾಕ್ ದ್ವೀಪವೂ ಇದೇ ಗುಂಪಾ?

ಹಳೆಕಡತ:
ಹೌದು, ಹೆನ್ರಿ ಹ್ಯಾವ್‌ಲಾಕ್. ಕಾನ್ಪುರದಲ್ಲಿ ನೀಲ್‌ನ ಮೇಲಧಿಕಾರಿ, ಇಬ್ಬರಿಗೂ ಆಗಿಬರುತ್ತಿರಲಿಲ್ಲ. ನಾನಿರುವಾಗ ನಿನಗೆ ಇಲ್ಲಿ ಅಧಿಕಾರವಿಲ್ಲ ಅಂತ ಮೊದಲ ದಿನವೇ ಹೇಳಿದ್ದರು. ಅದೀಗ ಸ್ವರಾಜ್ ದ್ವೀಪ.