ದೊಡ್ಡ ಟಯರಿಗಿಂತ ಮೊದಲು ಗಾಳಿ ಮತ್ತು ಬೆಲ್ಟು

ತಮ್ಮಾ, ಗುಂಪಿನಲ್ಲಿ ನೀನು ಕೇಳಿದ್ದಕ್ಕೆ ಎರಡು ಸಾಲಿನಲ್ಲಿ ಉತ್ತರಿಸಿದರೆ ಅರೆಬರೆಯಾಗುತ್ತದೆ. ಅದಕ್ಕಾಗಿ ಮಾತಿನಲ್ಲೇ ಹೇಳಿ ಕಳುಹಿಸುತ್ತಿದ್ದೇನೆ, ಬಿಡುವು ಮಾಡಿಕೊಂಡು ಪೂರ್ತಿ ಕೇಳು. ದೊಡ್ಡಪ್ಪನವರಿಗೂ ಅತ್ತೆಗೂ ವಿಷಯ ತಿಳಿಯಲೆಂದು ನಿನ್ನ ಮಾತನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹಿರಿಯೂರಿನ ದಾಳಿಂಬೆ ತೋಟಕ್ಕೆಂದು ಇವನು ಸೈಡ್ ಬೈ ಸೈಡ್ ಎನ್ನುವ ಗಾಡಿಯನ್ನು, ಅಂದರೆ ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ತಲೆಯ ಮೇಲೆ ಪೈಪಿನ ಚೌಕಟ್ಟು ಇರುವ, ರಸ್ತೆಯಿಲ್ಲದ ನೆಲದಲ್ಲಿ ಓಡಾಡಲು ಮಾಡಿದ ಗಾಡಿಯನ್ನು, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದಾನೆ. ಹಣ್ಣಿನ ಕ್ರೇಟುಗಳನ್ನು ಹೇರಿಕೊಂಡು ಏರು ಹತ್ತುವಾಗ ರಬ್ಬರು ಸುಟ್ಟ ವಾಸನೆ ಬರುತ್ತಿದೆ, ನಿಂತಲ್ಲಿಂದ ಹೊರಡುವಾಗ ಗಾಡಿ ಧಡ್ ಎಂದು ಜಗ್ಗುತ್ತಿದೆ. ಹೀಗಿರುವಾಗ 30 ಇಂಚಿನ ಟಯರು, ಎತ್ತರಿಸುವ ಲಿಫ್ಟ್ ಕಿಟ್, ಉದ್ದನೆಯ ಎಲ್‌ಇಡಿ ಲೈಟು, ಸದ್ದು ಮಾಡುವ ಸೈಲೆನ್ಸರು, ಇವುಗಳಲ್ಲಿ ಮೊದಲು ಯಾವುದನ್ನು ಹಾಕಿಸಲಿ ಎಂದು ಕೇಳಿದ್ದಾನೆ.

ನಾಲ್ಕರಲ್ಲಿ ಯಾವುದನ್ನೂ ಈಗ ಹಾಕಿಸಬೇಡ. ಟ್ರ್ಯಾಕ್ಟರು, ಪವರ್ ಟಿಲ್ಲರುಗಳ ದುರಸ್ತಿಯಲ್ಲೇ ದಿನ ಕಳೆಯುವ ನಾನು ಹೇಳುತ್ತೇನೆ, ಹಿರಿಯೂರು ಮತ್ತು ಚಳ್ಳಕೆರೆಯಂಥ ಮಳೆ ಕಡಿಮೆಯಾದ ಸೀಮೆಯಲ್ಲಿ ಯಂತ್ರವನ್ನು ಕೊಲ್ಲುವುದು ಬಂಡೆಯೂ ಅಲ್ಲ, ಕೆಸರೂ ಅಲ್ಲ, ಧೂಳು. ನೀನು ಕೊಂಡಿರುವ ಗಾಡಿ ಎರಡು ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ: ಒಂದು ಎಂಜಿನ್ನಿಗೆ, ಇನ್ನೊಂದು, ಎಂಜಿನ್ನಿನ ಬಲವನ್ನು ಚಕ್ರದ ಕಡೆಗೆ ಸಾಗಿಸುವ ಬೆಲ್ಟಿನ ಪೆಟ್ಟಿಗೆಯನ್ನು ತಣ್ಣಗಿಡುವುದಕ್ಕೆ. ಈ ಎರಡು ದಾರಿಗಳನ್ನು ಸರಿಯಾಗಿಟ್ಟರೆ ಉಳಿದ ಮುಕ್ಕಾಲು ಪಾಲು ರಿಪೇರಿ ನಿನ್ನ ಹತ್ತಿರಕ್ಕೇ ಬರುವುದಿಲ್ಲ.

ಎಂಜಿನ್ನಿನ ಗಾಳಿಯಿಂದ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ಕೆಟ್ಟರೆ ಖರ್ಚು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಏರ್ ಫಿಲ್ಟರಿನ ಮುಚ್ಚಳ ತೆಗೆದು ಫಿಲ್ಟರನ್ನು ನೋಡಿದರೆ ಸಾಲದು. ಫಿಲ್ಟರಿನಿಂದ ಥ್ರಾಟಲ್ ಬಾಡಿಗೆ, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ಕವಾಟಕ್ಕೆ, ಹೋಗುವ ರಬ್ಬರು ಕೊಳವೆಯನ್ನು ಕ್ಲಾಂಪ್ ಸಡಿಲಿಸಿ ಬಿಚ್ಚು, ತೋರುಬೆರಳಿಗೆ ಬಿಳಿಯ ಹತ್ತಿಬಟ್ಟೆ ಸುತ್ತಿಕೊಂಡು ಕೊಳವೆಯ ಒಳಗೋಡೆಯನ್ನು ಒಂದು ಸುತ್ತು ಒರೆಸು. ಅದು ಫಿಲ್ಟರು ದಾಟಿದ ಮೇಲಿನ ಜಾಗ, ಅಲ್ಲಿ ಬಟ್ಟೆ ಬೆಳ್ಳಗೇ ಉಳಿಯಬೇಕು. ಬಟ್ಟೆಗೆ ಕೆಂಪು ಹತ್ತಿದರೆ, ಎರಡು ಬೆರಳ ನಡುವೆ ತಿಕ್ಕಿದಾಗ ನುಣ್ಣನೆಯ ಪುಡಿ ಕರಕರ ಎಂದರೆ, ನಿನ್ನ ಎಂಜಿನ್ನು ಮಣ್ಣು ತಿನ್ನುತ್ತಿದೆ ಎಂದೇ ತಿಳಿದುಕೋ. ಮಣ್ಣಿನಲ್ಲಿರುವ ಮರಳಿನ ಕಣ ಪಿಸ್ಟನ್ ರಿಂಗಿನ ಉಕ್ಕಿಗಿಂತ ಗಟ್ಟಿ. ಅದು ಸಿಲಿಂಡರಿನ ಗೋಡೆಯನ್ನು ಸವೆಸುತ್ತದೆ, ಕಂಪ್ರೆಷನ್ ಇಳಿಯುತ್ತದೆ, ಆಯಿಲ್ ಕರಗುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ನೀಲಿ ಹೊಗೆ ಕಾಣುವ ಹೊತ್ತಿಗೆ ಮಾಡಬೇಕಾದ ಕೆಲಸದ ಕಾಲ ಮೀರಿರುತ್ತದೆ, ಆದ್ದರಿಂದ ಹಳೆಯ ಗಾಡಿ ಕೊಂಡವರು ಬೇರೆ ಏನನ್ನೂ ನೋಡದಿದ್ದರೂ ಈ ಕೊಳವೆಯನ್ನು ನೋಡಲೇಬೇಕು.

ಧೂಳು ಬಹಳ ಸಲ ಫಿಲ್ಟರಿನ ಮೂಲಕ ಬರುವುದಿಲ್ಲ, ಅದರ ಪಕ್ಕದಿಂದ ನುಸುಳುತ್ತದೆ: ಸಡಿಲವಾದ ಕ್ಲಾಂಪು, ಬಿರುಕು ಬಿಟ್ಟ ಕೊಳವೆ, ಸರಿಯಾಗಿ ಕೂರದ ಫಿಲ್ಟರಿನ ಅಂಚು. ಅಂಚಿನ ರಬ್ಬರಿಗೆ ತೆಳ್ಳಗೆ ಗ್ರೀಸ್ ಸವರಿ ಕೂರಿಸಿದರೆ ಅಲ್ಲಿ ಬಂದ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ. ಕಾಗದದ ಫಿಲ್ಟರನ್ನು ಪಂಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಊದಿಸುವ ಅಭ್ಯಾಸ ನಮ್ಮ ಎಲ್ಲ ಹಳ್ಳಿಗಳಲ್ಲೂ ಇದೆ, ಅದನ್ನು ನೀನು ಬಿಡಬೇಕು. ಆ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಾಗುತ್ತವೆ, ಆಮೇಲೆ ಫಿಲ್ಟರು ಇದ್ದೂ ಇಲ್ಲದಂತೆ. ಕಾಗದದ್ದನ್ನು ಮೆಲ್ಲಗೆ ತಟ್ಟಿ ಉದುರಿಸಬಹುದು, ಕೊಳೆ ಹೆಚ್ಚಾದರೆ ಹೊಸದು ಹಾಕಬೇಕು. ತೊಳೆದು ಎಣ್ಣೆ ಹಾಕಿ ಮತ್ತೆ ಬಳಸುವುದು ಫೋಮಿನಂಥ, ತೊಳೆಯಲೆಂದೇ ಮಾಡಿದ ಫಿಲ್ಟರಿಗೆ ಮಾತ್ರ ಸಲ್ಲುತ್ತದೆ. ಗಾಡಿಗೆ ಹಣ ಹಾಕಿ ಏನಾದರೂ ಬದಲಿಸಲೇಬೇಕು ಎಂಬ ಆಸೆ ನಿನಗಿದ್ದರೆ, ಗಾಳಿ ಎಳೆಯುವ ಬಾಯಿಯನ್ನು ಚಕ್ರದ ಧೂಳಿನಿಂದ ದೂರ, ಚಾವಣಿಯ ಮಟ್ಟಕ್ಕೆ ಎತ್ತರಿಸುವ ಸ್ನಾರ್ಕೆಲ್ ಹಾಕಿಸು. ಅದು ಕಣ್ಣಿಗೆ ಅಂಥ ಅಂದವೇನಲ್ಲ, ಆದರೆ ನಮ್ಮ ಸೀಮೆಗೆ ಅಷ್ಟು ಹೊಂದುವ ಇನ್ನೊಂದು ಮಾರ್ಪಾಡು ನನಗೆ ಗೊತ್ತಿಲ್ಲ.

ಈಗ ನಿನ್ನ ಸುಟ್ಟ ವಾಸನೆಯ ವಿಷಯ. ಈ ಗಾಡಿಯಲ್ಲಿ ಕಾಲಿನಿಂದ ತುಳಿಯುವ ಕ್ಲಚ್ಚೂ ಇಲ್ಲ, ಕಾರಿನಂಥ ಗೇರುಗಳೂ ಇಲ್ಲ. ಮುಂದಕ್ಕೆ ಓಡಿಸಲು ಇರುವುದು ಎಲ್ ಮತ್ತು ಎಚ್ ಎಂಬ ಎರಡೇ: ಎಲ್ ಎಂದರೆ ಲೋ, ನಿಧಾನದ ಭಾರದ ಕೆಲಸಕ್ಕೆ; ಎಚ್ ಎಂದರೆ ಹೈ, ವೇಗದ ಓಟಕ್ಕೆ. ಅತ್ತಿಗೆಯ ಸ್ಕೂಟರಿನಲ್ಲಿರುವ ವೇರಿಯೇಟರ್ ಬೆಲ್ಟೇ ಇಲ್ಲಿ ದೊಡ್ಡ ಗಾತ್ರದಲ್ಲಿದೆ. ಎಂಜಿನ್ನಿನ ಕಡೆಯ ಪುಲ್ಲಿ ವೇಗ ಹೆಚ್ಚಿದಂತೆ ಒಳಗಿನ ತೂಕಗಳ ಒತ್ತಡದಿಂದ ಮುಚ್ಚಿಕೊಂಡು ಬೆಲ್ಟನ್ನು ಹೊರ ಅಂಚಿಗೆ ತಳ್ಳುತ್ತದೆ, ಗೇರ್‌ಬಾಕ್ಸಿನ ಕಡೆಯ ಪುಲ್ಲಿ ತೆರೆದುಕೊಂಡು ಬೆಲ್ಟನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ನಿಧಾನವಾಗಿ, ಭಾರ ಹೊತ್ತು, ಏರಿನಲ್ಲಿ, ಎಚ್ ಗೇರಿನಲ್ಲಿ ಓಡಿಸಿದಾಗ ಎಂಜಿನ್ ಕಡೆಯ ಪುಲ್ಲಿ ಬೆಲ್ಟನ್ನು ಗಟ್ಟಿಯಾಗಿ ಹಿಡಿಯುವುದೇ ಇಲ್ಲ. ಬೆಲ್ಟು ಜಾರುತ್ತದೆ, ಜಾರಿದ ಕಡೆ ಕಾಯುತ್ತದೆ, ಕಾದ ರಬ್ಬರು ವಾಸನೆ ಬಿಡುತ್ತದೆ. ಇಂಥ ಗಾಡಿಗಳನ್ನು ತಯಾರಿಸುವ ಪೊಲಾರಿಸ್ ಕಂಪನಿಯ ಕೈಪಿಡಿಯಲ್ಲಿ ಗಂಟೆಗೆ 7 ಮೈಲಿ, ಅಂದರೆ ಸುಮಾರು 11 ಕಿ.ಮೀ. ಗಿಂತ ಕಡಿಮೆ ವೇಗದ ಕೆಲಸಕ್ಕೆ ಎಲ್ ಗೇರನ್ನೇ ಬಳಸಬೇಕೆಂದು ಹೇಳಿದೆ. ನಿನ್ನ ತೋಟದ ಕೆಲಸವೆಲ್ಲ ಆ ವೇಗದ ಒಳಗೇ ನಡೆಯುವುದರಿಂದ, ಕ್ರೇಟು ಹೇರಿದ ಮೇಲೆ ಎಚ್ ಕಡೆಗೆ ಕೈಯೇ ಹೋಗಬಾರದು. ಹಾಗೆಯೇ ಎಲ್‌ಗೂ ಎಚ್‌ಗೂ ಬದಲಿಸುವಾಗ ಗಾಡಿ ಪೂರ್ತಿ ನಿಂತಿರಬೇಕು.

ಹೊರಡುವಾಗ ಧಡ್ ಎನ್ನುವುದಕ್ಕೆ ಬಹುಮಟ್ಟಿಗೆ ಕಾರಣ ಬೆಲ್ಟು ಒಂದು ಜಾಗದಲ್ಲಿ ಸುಟ್ಟು ತೆಳ್ಳಗಾಗಿರುವುದು. ಚಕ್ರ ಸಿಕ್ಕಿಕೊಂಡಾಗ ಯಾರೋ ಆಕ್ಸಿಲರೇಟರನ್ನು ಒತ್ತಿಯೇ ಹಿಡಿದಿದ್ದಾರೆ, ಬೆಲ್ಟು ನಿಂತಲ್ಲೇ ನಿಂತು ಪುಲ್ಲಿ ಮಾತ್ರ ತಿರುಗಿ ಬೆಲ್ಟಿನ ಒಂದೇ ಜಾಗವನ್ನು ತಿಂದಿದೆ. ಎಂಜಿನ್ನು ತಣ್ಣಗಾದ ಮೇಲೆ ಬೆಲ್ಟಿನ ಕವರು ಬಿಚ್ಚು, ಬೆಲ್ಟನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದು ಅದರ ಎರಡೂ ಅಂಚುಗಳನ್ನು ಕೈಯಲ್ಲಿ ಸವರುತ್ತ ಪೂರ್ತಿ ಒಂದು ಸುತ್ತು ಬಾ. ಅಂಚು ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ಕಾದು ಗಟ್ಟಿಯಾಗಿದೆ. ಒಂದು ಕಡೆ ಸೊಂಟದಂತೆ ಅಗಲ ಕಿರಿದಾಗಿದ್ದರೆ ಜಗ್ಗುವುದು ಅಲ್ಲಿಂದಲೇ. ಅಂಚಿನಲ್ಲಿ ದಾರದ ಎಳೆ ಎದ್ದಿದ್ದರೆ ಅದರ ಆಯುಷ್ಯ ಮುಗಿದಿದೆ. ಹೊಸ ಬೆಲ್ಟು ಹಾಕುವ ಮೊದಲು ಎರಡೂ ಪುಲ್ಲಿಗಳ ಮುಖಗಳನ್ನು ಸ್ಕಾಚ್ ಬ್ರೈಟ್ ನಾರಿನಿಂದ ಹಗುರವಾಗಿ ಉಜ್ಜಿ, ಬ್ರೇಕ್ ಕ್ಲೀನರ್ ಅಥವಾ ಅಸಿಟೋನ್ ಹಾಕಿದ ಬಟ್ಟೆಯಿಂದ ಕಪ್ಪು ಹೋಗುವ ತನಕ ಒರೆಸಬೇಕು. ಅಲ್ಲಿಗೆ ಒಂದು ಹನಿ ಎಣ್ಣೆ, ಗ್ರೀಸು, ಡೀಸೆಲ್ ಕೂಡ ತಾಗಬಾರದು; ಡೀಸೆಲ್ಲಿನಲ್ಲಿ ತೊಳೆಯುವ ಅಭ್ಯಾಸದ ಹುಡುಗರ ಕೈಗೆ ಈ ಕೆಲಸ ಕೊಡಬೇಡ. ಬೆಲ್ಟು ಈ ಮೊದಲು ಯಾವಾಗಲಾದರೂ ಹರಿದಿದ್ದರೆ ಅದರ ದಾರಗಳು ಪುಲ್ಲಿಯ ಹಿಂದೆ ಸುತ್ತಿಕೊಂಡು ಎಂಜಿನ್ನಿನ ಆಯಿಲ್ ಸೀಲನ್ನು ಕೊಯ್ಯುತ್ತವೆ, ಟಾರ್ಚು ಹಿಡಿದು ಅಲ್ಲಿಯೂ ನೋಡು. ಪುಲ್ಲಿಯನ್ನೇ ತೆಗೆಯಬೇಕಾಗಿ ಬಂದರೆ ಅದಕ್ಕೆಂದೇ ಇರುವ ಪುಲ್ಲರ್ ಬೋಲ್ಟು ಬೇಕು, ಸುತ್ತಿಗೆ ಮುಟ್ಟಬಾರದು.

ಹೊಸ ಬೆಲ್ಟನ್ನು ಮೊದಲ 80 ಕಿ.ಮೀ. ತನಕ ಭಾರ ಹೇರದೆ, ವೇಗವನ್ನು ಏರಿಳಿಸುತ್ತ ಮೃದುವಾಗಿ ಓಡಿಸಿ ಹದ ಮಾಡಬೇಕು. ಹಳ್ಳದಲ್ಲಿ ಇಳಿದು ಪೆಟ್ಟಿಗೆಗೆ ನೀರು ಹೋದರೆ ಬೆಲ್ಟು ಜಾರುತ್ತದೆ. ಆಗ ಪೆಟ್ಟಿಗೆಯ ತಳದ ಡ್ರೈನ್ ಪ್ಲಗ್ ಬಿಚ್ಚಿ ನೀರು ಬಸಿದು, ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ನನ್ನು ಸ್ವಲ್ಪ ಹೊತ್ತು ಏರಿಸಿ ಒಣಗಿಸಬೇಕು. ಹೆಚ್ಚಿನದೊಂದು ಬೆಲ್ಟು, ಅದನ್ನು ಬಿಚ್ಚುವ ಪಾನಗಳು ಸೀಟಿನ ಕೆಳಗೆ ಯಾವಾಗಲೂ ಇರಲಿ.

ಉಳಿದ ಆರೈಕೆಯನ್ನು ಬೇಗ ಹೇಳುತ್ತೇನೆ. ಗಾಡಿಯ ಲೆಕ್ಕ ಕಿಲೋಮೀಟರಿನಲ್ಲಿ ಅಲ್ಲ, ಗಂಟೆಯಲ್ಲಿ. ಮೀಟರಿನಲ್ಲಿ ಓಡಿದ ಗಂಟೆ ತೋರಿಸುತ್ತದೆ, ಧೂಳಿನಲ್ಲಿ ದುಡಿಯುವ ಗಾಡಿಗೆ ಕೈಪಿಡಿ ಹೇಳಿದ ಅವಧಿಯ ಅರ್ಧಕ್ಕೇ ಆಯಿಲ್ ಬದಲಿಸು. ಜಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲಟಕ್ ಎಂದರೆ ವೀಲ್ ಬೇರಿಂಗು ಅಥವಾ ಬಾಲ್ ಜಾಯಿಂಟು, ಎಡಬಲಕ್ಕೆ ಹಿಡಿದು ಅಲ್ಲಾಡಿಸಿದಾಗ ಲಟಕ್ ಎಂದರೆ ಸ್ಟೀರಿಂಗಿನ ಟೈ ರಾಡು ಸವೆದಿದೆ. ಬೇರಿಂಗು ಯಾವುದಾದರೂ ಅದರ ಮೇಲೆ ನಂಬರು ಕೊರೆದಿರುತ್ತದೆ. ಆ ನಂಬರು ಹೇಳಿದರೆ ದಾವಣಗೆರೆಯ ಬೇರಿಂಗ್ ಅಂಗಡಿಗಳಲ್ಲೇ ಬಹಳಷ್ಟು ಸಿಗುತ್ತವೆ, ಕಂಪನಿಯ ಡಬ್ಬಿಯಲ್ಲೇ ಬರಬೇಕೆಂದಿಲ್ಲ. ಸಸ್ಪೆನ್ಷನ್ನಿನ ಪ್ಲಾಸ್ಟಿಕ್ ಬುಷ್ಷುಗಳು ಸವೆದಿದ್ದರೆ ಹರಿಹರದ ಲೇತ್‌ನಲ್ಲಿ ಕಂಚಿನಲ್ಲಿ ಕಡೆಸಿಕೊಂಡು ಗ್ರೀಸ್ ನಿಪ್ಪಲ್ ಕೂರಿಸಿಕೊಳ್ಳಬಹುದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳನ್ನೇ ತಯಾರಿಸುತ್ತಿದ್ದ ಊರು ಅದು, ಅಳತೆ ಹಿಡಿಯಬಲ್ಲ ಕೈಗಳು ಅಲ್ಲಿ ಇನ್ನೂ ಇವೆ. ಆಕ್ಸಲ್ಲಿನ ರಬ್ಬರು ಬೂಟು ಹರಿದಿದ್ದರೆ ಅದೇ ವಾರ ಬದಲಿಸು, ತಡಮಾಡಿದರೆ ಒಳಗಿನ ಜಾಯಿಂಟೇ ಹೋಗುತ್ತದೆ. ದಾವಣಗೆರೆ ಕಡೆಯ ಎರೆ ಹೊಲಕ್ಕೆ ಇಳಿದು ಬಂದ ದಿನ ರೇಡಿಯೇಟರಿನ ಸಂದುಗಳಲ್ಲಿ ಮಣ್ಣು ಒಣಗುವ ಮೊದಲೇ ಹಿಂದುಗಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ ತೊಳೆ. ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಬೇರಿಂಗಿನ ಸೀಲುಗಳೊಳಗೂ ನೀರು ನುಗ್ಗುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಈ ಟಯರುಗಳನ್ನು ಸುಲಭವಾಗಿ ದಾಟುತ್ತದೆ, ಆದ್ದರಿಂದ ಪಂಚರ್ ಬತ್ತಿಯ ಕಿಟ್ಟೂ 12 ವೋಲ್ಟಿನ ಗಾಳಿ ಪಂಪೂ ಜೊತೆಗಿರಲಿ.

ಇನ್ನು ನೀನು ಆಸೆಪಟ್ಟ ಮಾರ್ಪಾಡುಗಳು. ಈಗಿರುವ 27 ಇಂಚಿನ ಟಯರನ್ನು ತೆಗೆದು 30 ಇಂಚಿನದನ್ನು ಹಾಕಿದರೆ ಚಕ್ರದ ಸುತ್ತಳತೆ ಶೇ 11ರಷ್ಟು ಹೆಚ್ಚುತ್ತದೆ, ಅಂದರೆ ಗೇರು ಅಷ್ಟರಮಟ್ಟಿಗೆ ಎತ್ತರವಾದಂತೆ, ತೂಕವೂ ಏರುತ್ತದೆ. ಆ ಹೆಚ್ಚಿನ ಹೊರೆಯನ್ನೆಲ್ಲ ಹೊರುವುದು ಈಗಾಗಲೇ ಸುಟ್ಟಿರುವ ಅದೇ ಬೆಲ್ಟು. ದೊಡ್ಡ ಟಯರು ಹಾಕುವವರು ಪುಲ್ಲಿಯ ತೂಕ ಮತ್ತು ಸ್ಪ್ರಿಂಗುಗಳನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಾರೆ, ಟಯರಿನ ಬೆಲೆಯ ಜೊತೆ ಆ ಖರ್ಚನ್ನೂ ಸೇರಿಸಿ ನೋಡು. ಲಿಫ್ಟ್ ಕಿಟ್ ಆಕ್ಸಲ್ಲಿನ ಕೋನವನ್ನು ಕಡಿದಾಗಿಸುತ್ತದೆ, ಗಾಡಿಯ ಭಾರದ ಕೇಂದ್ರವನ್ನು ಮೇಲಕ್ಕೇರಿಸುತ್ತದೆ. ಬದುಗಳನ್ನು ಅಡ್ಡಡ್ಡ ದಾಟುವ ತೋಟದಲ್ಲಿ ಎತ್ತರದ ಗಾಡಿ ಮಗುಚುವ ಗಾಡಿ, ನಾನು ಅದನ್ನು ಒಪ್ಪುವುದೇ ಇಲ್ಲ. ಲೈಟು ಹಾಕಿಸಬಹುದು, ಆದರೆ 200 ವ್ಯಾಟಿನ ಲೈಟು 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 17 ಆಂಪಿಯರ್ ಎಳೆಯುತ್ತದೆ. ಹೆಡ್‌ಲೈಟಿನ ವೈರು ಸುಲಿದು ಜೋಡಿಸದೆ, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಫ್ಯೂಸು ಮತ್ತು ರಿಲೇ ಹಾಕಿಸು. ಮುಂದೆ ಪೂರ್ತಿ ಗಾಜು ಹಾಕಿಸುವ ಯೋಚನೆಯಿದ್ದರೆ ಹಿಂಭಾಗಕ್ಕೂ ಒಂದು ಪರದೆ ಬೇಕು, ಇಲ್ಲದಿದ್ದರೆ ಹಿಂದಿನ ಧೂಳು ಸುತ್ತಿಕೊಂಡು ಬಂದು ನಿನ್ನ ಬೆನ್ನ ಮೇಲೇ ಬೀಳುತ್ತದೆ.

ಸೈಲೆನ್ಸರಿನ ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳು. ಕಂಪನಿಯ ಸೈಲೆನ್ಸರಿನಲ್ಲಿ ಕಿಡಿ ಹೊರಬರದಂತೆ ತಡೆಯುವ ಜಾಲರಿ ಇದೆ. ಮಾರ್ಚಿಯಿಂದ ಮೇ ತನಕ ನಮ್ಮ ಗುಡ್ಡಗಳ ಹುಲ್ಲು, ಮೆಕ್ಕೆಜೋಳದ ಕೂಳೆ ಯಾವ ಸ್ಥಿತಿಯಲ್ಲಿರುತ್ತವೆ ಎಂಬುದು ನಿನಗೇ ಗೊತ್ತಿದೆ. ಜಾಲರಿ ಇಲ್ಲದ ಸೈಲೆನ್ಸರಿನ ಒಂದು ಕಿಡಿ ಪಕ್ಕದವರ ಬಣವೆಯನ್ನೂ ಸುಡಬಹುದು. ತಳದ ತಗಡಿನ ಮೇಲೆ, ಎಕ್ಸಾಸ್ಟ್ ಪೈಪಿನ ಸುತ್ತ ಒಣಹುಲ್ಲು ಸೇರಿಕೊಳ್ಳುತ್ತದೆ, ಬೇಸಿಗೆಯಲ್ಲಿ ದಿನವೂ ಕೈಹಾಕಿ ಅದನ್ನು ತೆಗೆಯಬೇಕು, ಒಂದು ಸಣ್ಣ ಬೆಂಕಿ ಆರಿಸುವ ಸಿಲಿಂಡರು ಚೌಕಟ್ಟಿಗೆ ಕಟ್ಟಿರಬೇಕು. ಜೋಗಿಮಟ್ಟಿ ವನ್ಯಜೀವಿ ಧಾಮದ ಕಡೆಗೆ ಗೆಳೆಯರು ಕರೆದರೂ ಈ ಗಾಡಿ ಒಯ್ಯಬೇಡ. ನಿನ್ನ ಗಾಡಿಗೆ ನೋಂದಣಿಯಿಲ್ಲ, ಹಾಗಾಗಿ ಹೆದ್ದಾರಿ 48ನ್ನು ದಾಟಬೇಕಾದರೂ ಪಿಕಪ್ಪಿನಲ್ಲಿ ಹೇರಿಕೊಂಡೇ ದಾಟು. ಹಿಂದಿನ ಸಾಮಾನಿನ ಪೆಟ್ಟಿಗೆಯಲ್ಲಿ ಮಕ್ಕಳನ್ನಾಗಲಿ ಕೂಲಿಯವರನ್ನಾಗಲಿ ಕೂರಿಸಕೂಡದು. ಅಲ್ಲಿ ಸೀಟ್ ಬೆಲ್ಟೂ ಇಲ್ಲ, ಚೌಕಟ್ಟಿನ ಆಸರೆಯೂ ಇಲ್ಲ. ಇದನ್ನು ಚಿಕ್ಕಮ್ಮನಿಗೂ ಹೇಳಿದ್ದೇನೆ, ಅವರು ನಿನ್ನನ್ನು ಕೇಳುತ್ತಾರೆ.

ಈಗ ಮಾಡಬೇಕಾದದ್ದು ಇಷ್ಟು. ಟಯರಿನವರಿಗೆ ಮುಂಗಡ ಕೊಡಬೇಡ. ಕೊಳವೆ ಒರೆಸಿದ ಬಟ್ಟೆಯದೊಂದು, ಬೆಲ್ಟಿನ ಎರಡೂ ಅಂಚಿನದು, ಪುಲ್ಲಿಗಳ ಮುಖದ್ದು, ಇಷ್ಟು ಫೋಟೋಗಳನ್ನು ಹಗಲು ಬೆಳಕಿನಲ್ಲಿ ತೆಗೆದು ನನಗೆ ಕಳುಹಿಸು. ಬೆಲ್ಟಿನ ಬೆನ್ನ ಮೇಲೆ ಅಚ್ಚಾಗಿರುವ ನಂಬರನ್ನು ಸ್ವಲ್ಪ ಸೀಮೆಸುಣ್ಣ ಸವರಿ ಓದಿ ಬರೆದುಕೋ, ಅದು ಸಿಕ್ಕರೆ ಹೊಸ ಬೆಲ್ಟನ್ನು ನಾನೇ ಇಲ್ಲಿಂದ ವಿಚಾರಿಸಿ ತರಿಸುತ್ತೇನೆ.